ಶಿಳ್ಳೆ ಹಾಕಬಾರದ ಮನೆ

ತೋರಾ ಕ್ಯಾಮಿಷ್ ತನ್ನ ಜೀವಮಾನದಲ್ಲಿ ಶಿಳ್ಳೆ ಹಾಕಿದ್ದು ಒಂದೇ ಒಂದು ಸಲ. ಆಗ ಅಲ್ಲಿದ್ದವರು ಇಬ್ಬರು: ಅವಳ ಕಿರಿಮಗ ರಸೆಲ್ ಮತ್ತು ಪಕ್ಕದ ಮನೆಯ ಬೆರಿಲ್, ಅಂದರೆ ನಾನು. ಅವನು ಕೇಳಿದ್ದೇ ಬೇರೆ, ನಾನು ನೋಡಿದ್ದೇ ಬೇರೆ.

ನಮ್ಮದು ಯಾರ್ಕ್‌ಷೈರಿನ ಕಡಲ ದಂಡೆಯ ಊರು. ಗಂಡಸರು ಏಡಿ ಹಿಡಿಯಲು ದೋಣಿ ಹತ್ತುತ್ತಿದ್ದರು, ಹೆಂಗಸರು ಬಂದರಿನ ಅಟ್ಟದಲ್ಲಿ ಕೂತು ಬಲೆ ಹೆಣೆಯುತ್ತಿದ್ದರು. ತೋರಾ ಮತ್ತು ನಾನು ವರ್ಷಗಟ್ಟಲೆ ಎದುರುಬದುರು ಕೂತು ಹೆಣೆದವರು. ಅವಳು ಹಾಕಿದ ಗಂಟು ಬಿಚ್ಚಿಕೊಂಡದ್ದನ್ನು ಯಾರೂ ಕಂಡಿಲ್ಲ, ಅವಳ ಹಟವೂ ಅಂಥದ್ದೇ. ದೋಣಿ ಹೊರಡುವ ದಿನ ಬಟ್ಟೆ ಒಗೆಯುವ ಹಾಗಿಲ್ಲ. ಹಂದಿಯ ಹೆಸರೆತ್ತುವ ಹಾಗಿಲ್ಲ. ಬಾಯಿತಪ್ಪಿ ಎತ್ತಿದರೆ ತಕ್ಷಣ ಕಬ್ಬಿಣ ಮುಟ್ಟಬೇಕು. ಅದಕ್ಕೆಂದೇ ಅವಳ ಏಪ್ರನ್ ಜೇಬಿನಲ್ಲಿ ಹಳೇ ದೋಣಿಯಿಂದ ಕಿತ್ತ ಬೆರಳುದ್ದದ ಮೊಳೆಯೊಂದು ಸದಾ ಇರುತ್ತಿತ್ತು. ಎಲ್ಲಕ್ಕಿಂತ ದೊಡ್ಡ ಕಟ್ಟಳೆ ಎಂದರೆ ಶಿಳ್ಳೆ. ಶಿಳ್ಳೆ ಹಾಕಿದರೆ ಗಾಳಿಯನ್ನು ಹೆಸರಿಟ್ಟು ಕರೆದಂತೆ, ಕರೆಸಿಕೊಂಡು ಬಂದ ಗಾಳಿ ಬರಿಗೈಯಲ್ಲಿ ವಾಪಸ್ಸು ಹೋಗುವುದಿಲ್ಲ ಎನ್ನುತ್ತಿದ್ದಳು. ಅವಳ ಗಂಡ ವಿಲ್ಫ್ ಆಯುಷ್ಯವೆಲ್ಲ ಕಡಲಲ್ಲಿ ದುಡಿದು ಕೊನೆಗೆ ಹಾಸಿಗೆಯಲ್ಲಿ ಸತ್ತ. ಅವಳಿಗೆ ಅಷ್ಟು ಪುರಾವೆ ಸಾಕಿತ್ತು.

ನಾನು ಇದನ್ನೆಲ್ಲ ನಂಬುವವಳಲ್ಲ. ಆದರೂ ನನ್ನ ಗಂಡ ಲೆನ್ ಕಡಲಿಗೆ ಹೊರಟ ದಿನ ಒಂದು ಕರವಸ್ತ್ರವನ್ನೂ ಒಗೆದವಳಲ್ಲ. ಕೇಳಿದವರಿಗೆ ಇವತ್ತು ಬಿಸಿಲಿಲ್ಲ ಎನ್ನುತ್ತಿದ್ದೆ.

ತೋರಾಳ ಹಿರಿಮಗ ಗಾರ್ತ್ ಅಪ್ಪನ ದೋಣಿಯನ್ನೇ ನಡೆಸಿದ. ರಸೆಲ್‌ಗೆ ಮೀನಿನ ವಾಸನೆ ಕಂಡರೆ ಆಗದು. ಗಿಟಾರ್ ಹೆಗಲಿಗೇರಿಸಿ ಲೀಡ್ಸ್‌ಗೆ ಹೋಗಿ, ತನ್ನಂಥ ಇನ್ನೂ ಮೂರು ಕೆದರಿದ ತಲೆಗಳನ್ನು ಸೇರಿಸಿ ರಾಕ್ ಬ್ಯಾಂಡ್ ಕಟ್ಟಿದ. ಒಂದು ಭಾನುವಾರ ಹೊಸ ಹಾಡಿನ ಗ್ರಾಮಫೋನ್ ತಟ್ಟೆ ಹಿಡಿದು ಊರಿಗೆ ಬಂದು, ನಮ್ಮೆಲ್ಲರ ಮುಂದೆ ಹಾಕಿದ. ಹಾಡಿನ ಹೆಸರು 'ಒಳಗೆ ಬಾ'. ಮೆಟ್ಟಿಲ ಮೇಲೆ ಯಾರೋ ಬೂಟು ಹಾಕಿಕೊಂಡು ಹತ್ತುವಂಥ ಡ್ರಮ್ಮು, ಗುರ್ ಎನ್ನುವ ಗಿಟಾರು. ನಡುವೆ ಎಲ್ಲವೂ ನಿಂತು ರಸೆಲ್ ಒಬ್ಬನೇ ಶಿಳ್ಳೆ ಹಾಕುತ್ತಾನೆ.

"ಇದೇನೋ ಇದು?" ತೋರಾ ಕೇಳಿದಳು.

"ಶಿಳ್ಳೆ ಅಮ್ಮ. ಚಿಕ್ಕೋನಿದ್ದಾಗಿಂದ ಬಾಯಿಗೆ ಬೀಗ ಹಾಕಿದ್ಯಲ್ಲ, ಈಗ ಒಟ್ಟಿಗೆ ಕಿತ್ಕೊಂಡು ಬಂತು."

ಗಾರ್ತ್ ನಕ್ಕ. "ಇವನ ಬಾಯಿಂದ ಇಷ್ಟು ದಿನಕ್ಕೆ ಒಳ್ಳೇದೊಂದು ಬಂತು. ನೋಡು, ಅದ್ರಲ್ಲಿ ಒಂದು ಮಾತೂ ಇಲ್ಲ."

ತೋರಾ ನಗಲಿಲ್ಲ. ಕೈ ಜೇಬಿಗೆ ಹೋಯಿತು. "ದೋಣಿ ಮೇಲೆ ಬೇಡ ಗಾರ್ತ್. ನನ್ನಾಣೆ."

"ಆಯ್ತಮ್ಮ, ನಿನ್ನಾಣೆಗೂ ಇಲ್ಲ. ಟೀ ಆರ್ತಿದೆ, ಕುಡಿ."

ಹಾಡು ದೇಶವನ್ನೇ ಹಿಡಿಯಿತು. ರೇಡಿಯೋ ತಿರುಗಿಸಿದರೆ ಅದೇ, ಹೋಟೆಲಿಗೆ ಕಾಲಿಟ್ಟರೆ ಅದೇ. ಮಾತು ನೆನಪಿರದವರಿಗೂ ಶಿಳ್ಳೆ ಬಾಯಿಗೆ ಬಂತು. ಅಂಚೆಯವನು, ಮಾಂಸದಂಗಡಿಯವನು, ಕೊನೆಗೆ ಪಾದ್ರಿಯ ಹೆಂಡತಿಯೂ ಮೊಟ್ಟೆ ಆರಿಸುತ್ತ ತುಟಿ ಮುಂದೆ ಮಾಡಿದಳು. ಕಿಟಕಿ ಒರೆಸುವ ಸಿಡ್ ಏಣಿಯ ಮೇಲೆ ನಿಂತು ಶಿಳ್ಳೆ ಹಾಕಿದಾಗ ತೋರಾ ಪಾತ್ರೆ ತೊಳೆದ ನೀರನ್ನು ಅವನ ಕಾಲಿಗೆ ಎರಚಿದಳು.

"ನಿನ್ ಮಗನ ಹಾಡೇ ಅಲ್ವಾ, ನಾನೇನು ಕದ್ದಿದ್ದೀನಾ?" ಎಂದ ಸಿಡ್.

"ಅವನಿರೋದು ಲೀಡ್ಸಲ್ಲಿ. ಅಲ್ಲಿ ಗಾಳಿ ಬಂದ್ರೆ ಟೋಪಿ ಹಾರುತ್ತೆ. ಇಲ್ಲಿ ಬಂದ್ರೆ ಏನು ಹಾರುತ್ತೆ ಹೇಳು?"

ಊರು ನಕ್ಕಿತು. ಗಡಿಗೆಯ ಬಾಯಿ ಮುಚ್ಚಬಹುದು, ಊರ ಬಾಯಿ ಮುಚ್ಚಲಾದೀತೇ? ನಾವು ಅಟ್ಟದ ರೇಡಿಯೋ ಆರಿಸಿದೆವು, ಆದರೆ ತಲೆಯೊಳಗಿನದನ್ನು ಆರಿಸುವುದು ಹೇಗೆ. ಒಂದು ದಿನ ಬಲೆ ಹೆಣೆಯುತ್ತ ನನ್ನ ತುಟಿಯೇ ತಾನಾಗಿ ಮುಂದೆ ಬಂತು. ತೋರಾ ತಲೆಯೆತ್ತಿ ನೋಡಿದಳು. ನನಗೆ ನಾಚಿಕೆಯಾಯಿತು, ಸ್ವಲ್ಪ ಹೆದರಿಕೆಯೂ ಆಯಿತು.

ನವೆಂಬರಿನಲ್ಲಿ ಒಂದು ಬೆಳಿಗ್ಗೆ, ಸಂಜೆಗೆ ಬಿರುಗಾಳಿ ಎಂದು ಹವಾಮಾನದವರು ಹೇಳಿದರು. ಅಷ್ಟರೊಳಗೆ ಏಡಿಯ ಬುಟ್ಟಿಗಳನ್ನು ಮೇಲೆತ್ತಿ ತರಬೇಕೆಂದು ಗಾರ್ತ್ ಹೊರಟ. ಜೊತೆಯವನಿಗೆ ಜ್ವರ, ಹಾಗಾಗಿ ಒಬ್ಬನೇ. ಮಧ್ಯಾಹ್ನ ನಾನು ತೋರಾಳ ಅಡುಗೆಮನೆಯಲ್ಲಿದ್ದೆ. ದೋಣಿಗಳ ಮಾತು ಕೇಳಿಸುವ ರೇಡಿಯೋ ಒಂದು ಅಲ್ಲಿ ಗೋಡೆಯ ಗೂಡಿನಲ್ಲಿತ್ತು. ಕೇಳಬಹುದು, ಇಲ್ಲಿಂದ ಮಾತಾಡಲು ಆಗದು. ಗಾರ್ತ್ ಬೇರೆ ದೋಣಿಯವನಿಗೆ, "ನೀನು ನಡಿ, ಇನ್ನೊಂದು ಸಾಲು ಬುಟ್ಟಿ ಎತ್ಕೊಂಡು ಬಂದ್ಬಿಡ್ತೀನಿ" ಎಂದ. ಆಮೇಲೆ ಅವನ ರೇಡಿಯೋದಲ್ಲಿ ಮಾತಾಡಲು ಒತ್ತುವ ಗುಂಡಿ ಒತ್ತಿದ್ದು ಹಾಗೇ ಸಿಕ್ಕಿಕೊಂಡಿತೆಂದು ಕಾಣುತ್ತದೆ. ಇಂಜಿನ್ ಸದ್ದು ಕೇಳಿತು, ಹಗ್ಗ ಎಳೆಯುವುದು ಕೇಳಿತು. ಆಮೇಲೆ ಶಿಳ್ಳೆ.

ಯಾರನ್ನೂ ಕೆಣಕಲು ಹಾಕಿದ್ದಲ್ಲ. ಯಾರೋ ಕೇಳುತ್ತಿದ್ದಾರೆಂದು ಅವನಿಗೆ ಗೊತ್ತೇ ಇರಲಿಲ್ಲ. ತಾನು ಶಿಳ್ಳೆ ಹಾಕುತ್ತಿದ್ದೇನೆಂದೂ ಗೊತ್ತಿತ್ತೋ ಇಲ್ಲವೋ. ತಮ್ಮನ ಹಾಡನ್ನು ತಮ್ಮನಿಗಿಂತ ಚೆನ್ನಾಗಿ, ಖುಷಿಯಾಗಿ ಹಾಕುತ್ತಿದ್ದ.

ತೋರಾ ಎದ್ದು ರೇಡಿಯೋ ಮುಂದೆ ನಿಂತಳು. "ನಿಲ್ಸೋ ಗಾರ್ತ್. ನಿಲ್ಸೋ ನನ್ನಪ್ಪ," ಎಂದು ಮೆಲ್ಲಗೆ ಹೇಳುತ್ತಲೇ ಇದ್ದಳು. ಕಿಟಕಿಯಾಚೆ, ಎದುರು ಮನೆಗಳಿಂದ ನೆಟ್ಟಗೆ ಏಳುತ್ತಿದ್ದ ಹೊಗೆ ಒಮ್ಮೆಗೇ ಒಂದೇ ಕಡೆಗೆ ಬಾಗಿತು. ಸಂಜೆಗೆ ಬರಬೇಕಾದ ಗಾಳಿ ಆಗಲೇ ಬಂದಿತ್ತು. ಶಿಳ್ಳೆ ಅರ್ಧಕ್ಕೆ ನಿಂತಿತು, ರೇಡಿಯೋದಲ್ಲಿ ಬರೀ ಸುಯ್ ಎನ್ನುವ ಸದ್ದು ಉಳಿಯಿತು.

ಮರುದಿನ ಬಂಡೆಗಳ ಹತ್ತಿರ ದೋಣಿ ಸಿಕ್ಕಿತು. ಗಾರ್ತ್ ಸಿಗಲಿಲ್ಲ.

ರಸೆಲ್ ಬಂದ. ಅಣ್ಣನಿಗಾಗಿ ಚರ್ಚಿನಲ್ಲಿ ನಡೆದ ಪ್ರಾರ್ಥನೆ ಮುಗಿದ ಮೇಲೂ ಲೀಡ್ಸ್‌ಗೆ ಹಿಂತಿರುಗಲಿಲ್ಲ, ಊಟಕ್ಕೆ ಕೂರಲಿಲ್ಲ. ಕೊನೆಯಲ್ಲಿ ಅಣ್ಣ ಶಿಳ್ಳೆ ಹಾಕುತ್ತಿದ್ದನೆಂದು ಯಾವನೋ ಮುಠ್ಠಾಳ ಅವನ ಕಿವಿಗೆ ಊದಿದ್ದ. ಅವನ ನಾಲಗೆ ಬಿದ್ದುಹೋಗಲಿ. ವಾರ ಕಳೆದು ದೋಣಿಗಳು ಮತ್ತೆ ಹೊರಟವು, ನನ್ನ ಲೆನ್ ಕೂಡ ಹೋದ. ಆ ಬೆಳಿಗ್ಗೆ ಬಂದರಿನ ಗೋಡೆಯ ತುದಿಯಲ್ಲಿ ರಸೆಲ್ ನಿಂತಿರುವುದನ್ನು ಕಂಡೆ. ಅವನು ನೀರು ನೋಡುತ್ತಿದ್ದ ರೀತಿ ನನಗೆ ಸರಿಬರಲಿಲ್ಲ. ತೋಳು ಹಿಡಿದು ಮನೆಗೆ ಎಳೆದು ತಂದೆ, ತೋರಾಳಿಗೆ ಎಲ್ಲಿ ಸಿಕ್ಕ ಎಂದಷ್ಟೇ ಹೇಳಿದೆ. ಅವಳಿಗೆ ಅರ್ಥವಾಯಿತು.

"ಅಮ್ಮ, ನಾನೇ ಕರ್ದಿದ್ದಲ್ವಾ ಅದನ್ನ?" ಎಂದ ರಸೆಲ್. "ಒಳಗೆ ಬಾ ಅಂತ ನಾನೇ ಕರ್ದೆ. ಅಣ್ಣನ್ನ ನಾನೇ ಕೊಂದೆ."

"ಏನು ಹುಚ್ಚು ಮಾತು. ಹವಾಮಾನದವರು ಬೆಳಿಗ್ಗೆನೇ ಹೇಳಿದ್ರು. ನಿಮ್ಮಣ್ಣ ಇನ್ನೊಂದು ಸಾಲಿಗೆ ಆಸೆಪಟ್ಟ, ಅಷ್ಟೆ."

"ನೀನು ನಂಬ್ತಿದ್ಯಲ್ಲ."

"ನಾನಾ? ನಿಮ್ಮಿಬ್ರನ್ನ ಹದ್ದುಬಸ್ತಲ್ಲಿ ಇಡೋಕೆ ಹೇಳ್ತಿದ್ದೆ ಕಣೋ. ಅದೆಲ್ಲ ಮುದುಕಿಯರ ಕಟ್ಟುಕತೆ. ನೋಡು ಬೇಕಾದ್ರೆ."

ಅವಳು ತುಟಿ ಮುಂದೆ ಮಾಡಿದಳು. ಮೊದಲು ಬರೀ ಉಸಿರು ಬಂತು; ಆ ಬಾಯಿಗೆ ಅಭ್ಯಾಸವೆಲ್ಲಿಯದು. ಮತ್ತೆ ಊದಿದಳು. ಈ ಸಲ ರಾಗ ಸಿಕ್ಕಿತು. ಗಾರ್ತ್ ಅರ್ಧಕ್ಕೆ ಬಿಟ್ಟದ್ದನ್ನು ಪೂರ್ತಿ, ಕೊನೆಯವರೆಗೆ, ಮಗನ ಮುಖವನ್ನೇ ನೋಡುತ್ತ ಶಿಳ್ಳೆ ಹಾಕಿದಳು. ರಸೆಲ್ ಅವಳ ಮಡಿಲಿಗೆ ತಲೆ ಹಾಕಿ, ಅಣ್ಣ ಹೋದಮೇಲೆ ಮೊದಲ ಸಲ ಅತ್ತ. ಅವಳು ಒಂದು ಕೈಯಲ್ಲಿ ಅವನ ತಲೆ ಸವರಿದಳು.

ಇನ್ನೊಂದು ಕೈ ಜೇಬಿನಲ್ಲಿತ್ತು. ನಾನು ಒಲೆಯ ಪಕ್ಕ, ಆ ಕೈಯ ಕಡೆಗೇ ಕೂತಿದ್ದೆ. ಅವಳು ಮೊಳೆಯನ್ನು ಎಷ್ಟು ಬಿಗಿಯಾಗಿ ಹಿಡಿದಿದ್ದಳೆಂದರೆ ಏಪ್ರನ್ನಿನ ಬಟ್ಟೆಯ ಮೇಲೆ ರಕ್ತ ಮೂಡುತ್ತಿತ್ತು. ಅವಳು ನನ್ನನ್ನು ನೋಡಿದಳು. ಲೆನ್ ಕಡಲಲ್ಲಿದ್ದಾನೆಂದು ಅವಳಿಗೆ ಗೊತ್ತಿತ್ತು. ಆ ನೋಟದಲ್ಲಿ ಕ್ಷಮಿಸು ಎನ್ನುವುದಿತ್ತು.

ನಾನು ಇದನ್ನೆಲ್ಲ ನಂಬುವವಳಲ್ಲ. ಕೈ ಚಾಚಿ ಒಲೆಯ ಕಬ್ಬಿಣದ ಬಾಗಿಲು ಮುಟ್ಟಿದೆ. ಅದು ಸುಡುತ್ತಿತ್ತು. ರಸೆಲ್ ಅಳು ನಿಲ್ಲಿಸುವವರೆಗೂ ನಾನು ಕೈ ತೆಗೆಯಲಿಲ್ಲ.