ಬಾಯಿ ತೆರೆದು ‘ಹಾ’ ಅನ್ನು

ತೊಂಬತ್ನಾಲ್ಕನೇ ಇಸವಿಯ ಆಟಿ ಅಮಾವಾಸ್ಯೆ. ನಮ್ಮ ಮಂಗಳೂರು ಕಡೆಯ ಪದ್ಧತಿಯಂತೆ ಬೆಳಿಗ್ಗೆ ಪಾಲೆ ಮರದ ತೊಗಟೆಯ ಕಹಿ ಕಷಾಯ ಕುಡಿದಿದ್ದೆವು. ಸಂಜೆ, ಊರಿನಿಂದ ಬಂದಿದ್ದ ಅಣ್ಣನ ಮಗಳು ವೀಣಾಳನ್ನು ಮುಂಬೈ ಪಕ್ಕದ ನಮ್ಮ ಥಾಣೆಯ ಕೆರೆಗೆ ಬೋಟಿಂಗ್‌ಗೆ ಕರೆದೊಯ್ದೆ. ಇಲ್ಲಿನ ಕೆಲವರಿಗೆ ಅದೇ ದಿನ ಗಟಾರಿ. ಮರುದಿನ ಮದ್ಯ ಮುಟ್ಟದ ಶ್ರಾವಣ ಹಿಡಿಯುವ ಮೊದಲು ಕುಡಿಯುವುದನ್ನೆಲ್ಲ ಕುಡಿದು ಮುಗಿಸುವ ದಿನ. ಇಪ್ಪತ್ತು ವರ್ಷ ಇಲ್ಲಿದ್ದೂ ನನಗದು ಹೊಳೆಯಲಿಲ್ಲ.

ಮೋಟಾರ್ ಬೋಟ್ ಹತ್ತುವಾಗ ಡ್ರೈವರ್ ಕೈ ನೀಡಿದ. ಗಪ್ಪೆಂದು ವಾಸನೆ.

“ಅತ್ತೆ, ಇವ ಕುಡ್ದಿದ್ದಾನಾ ಹೇಗೆ?” ವೀಣಾ ಪಿಸುಗುಟ್ಟಿದಳು.

“ಶ್! ಬ್ಯಾಡ್ ಮ್ಯಾನರ್ಸ್,” ಎಂದೆ. ಕಾನ್ವೆಂಟಿನಲ್ಲಿ ಕಲಿತದ್ದು.

ನಡುಕೆರೆಯಲ್ಲಿ ಅವನು ಸ್ಟೀರಿಂಗ್ ಬಿಟ್ಟು ಹಾಡತೊಡಗಿದ. ಬೋಟ್ ದಿಕ್ಕು ತಪ್ಪಿ ಆಚೆ ದಡದ ಕಲ್ಲಿನ ಕಟ್ಟೆಗೆ ಬಡಿದು ವೀಣಾ ನೀರಿಗೆ ಬಿದ್ದಳು. ಪೆಡಲ್ ಬೋಟಿನಲ್ಲಿದ್ದ ಹೆಂಗಸೊಬ್ಬಳು ಜಡೆ ಹಿಡಿದು ಎಳೆಯದಿದ್ದರೆ ಅಣ್ಣನಿಗೆ ಯಾವ ಮುಖ ತೋರಿಸುತ್ತಿದ್ದೆ?

ದಡದಲ್ಲಿ ಬೋಟುಗಳ ಮಾಲೀಕ ನಗುತ್ತ ಟವೆಲ್ ಕೊಟ್ಟ. “ಅರೆ ಆಂಟಿ, ಆಜ್ ಗಟಾರಿ ಹೈ. ಏಕ್ ದಿನ್ ಚಲ್ತಾ ಹೈ.” ಒಂದು ದಿನ ತಾನೇ, ನಡೆಯುತ್ತದಂತೆ.

“ಡೂಬ್ನೇ ಕೋ ಭೀ ಏಕ್ ಹೀ ದಿನ್ ಲಗ್ತಾ ಹೈ!” ಮುಳುಗಲಿಕ್ಕೂ ಒಂದೇ ದಿನ ಸಾಕು ಎಂದು, ಬೋಟ್ ಹತ್ತುವ ಹಲಗೆಗೆ ಅಡ್ಡ ಕೂತುಬಿಟ್ಟೆ. ಕ್ಯೂನಲ್ಲಿದ್ದವರು ಗೊಣಗಿದರು. ನಾನು ಏಳಲಿಲ್ಲ.

ಶಾಲೆಯಲ್ಲಿ ಹುಣಸೆಹಣ್ಣು ಕದ್ದು ತಿಂದವರನ್ನು ಹಿಡಿಯಲು ನಮ್ಮ ಸಿಸ್ಟರ್ ಒಬ್ಬೊಬ್ಬರಿಂದಲೂ ‘ಹಾ’ ಅನ್ನಿಸಿ ಮೂಸುತ್ತಿದ್ದರು. ಅದೇ ರೂಲ್ ಇಲ್ಲಿಗೂ ಬೇಕು ಎಂದೆ. ಪ್ರತಿ ಟ್ರಿಪ್ಪಿಗೆ ಮೊದಲು ಡ್ರೈವರ್, ಎಲ್ಲರೂ ಮಾವಶಿ (ಚಿಕ್ಕಮ್ಮ) ಎನ್ನುವ ಟಿಕೆಟ್ ಕಿಟಕಿಯ ಹೆಂಗಸಿನ ಮುಂದೆ ‘ಹಾ’ ಅನ್ನಬೇಕು. ಆಮೇಲೆಯೇ ಕೀಲಿಕೈ.

“ಯೇ ಸ್ಕೂಲ್ ಹೈ ಕ್ಯಾ?” ಮಾಲೀಕ ರೇಗಿದ.

“ಬಾಯಿ ಬರೋಬರ್ ಬೋಲ್ತಿ ಹೈ,” ಈ ಹೆಂಗಸು ಹೇಳುವುದು ಸರಿ ಎಂದು ಮಾವಶಿ ಕಿಟಕಿಯಿಂದಲೇ ಕೈಚಾಚಿ ಕೀಲಿಗೊಂಚಲು ಕೇಳಿದಳು. ಕ್ಯೂ ಕರಗತೊಡಗಿತ್ತು. ಅವನು ಕೊಡಲೇಬೇಕಾಯಿತು. ಆ ಡ್ರೈವರನಿಗೆ ಅಂದು ಮತ್ತೆ ಕೀಲಿ ಸಿಗಲಿಲ್ಲ. ಪ್ರತಿ ಭಾನುವಾರ ಹೋಗಿ, ರೂಲ್ ನಡೆಯುತ್ತಿದೆಯೇ ಎಂದು ನೋಡಿ ಬರುತ್ತಿದ್ದೆ.

ಮರುವರ್ಷದ ಅದೇ ಅಮಾವಾಸ್ಯೆಗೆ, ಊರಿನಿಂದ ಮತ್ತೆ ಬಂದಿದ್ದ, ಹೆದರುತ್ತಿದ್ದ ವೀಣಾಳನ್ನು ಪುಸಲಾಯಿಸಿ ಅಲ್ಲಿಗೇ ಕರೆದೊಯ್ದೆ. ಮೋಟಾರ್ ಬೋಟುಗಳನ್ನೆಲ್ಲ ಕಂಬಕ್ಕೆ ಕಟ್ಟಿಹಾಕಿದ್ದರು.

“ತೀನೋಂ ಡ್ರೈವರ್ ಫೇಲ್!” ಮಾವಶಿ ಕೀಲಿಗೊಂಚಲು ಅಲ್ಲಾಡಿಸಿದಳು.

ವೀಣಾ ನಕ್ಕಳು. ಇಬ್ಬರೂ ದಡದಲ್ಲಿ ಕೂತು ಸುಟ್ಟ ಜೋಳದ ತೆನೆ ತಿಂದೆವು.

ಈಗ ನನಗೆ ಎಂಬತ್ತರ ಹತ್ತಿರ. ಕಟ್ಟಿಹಾಕಿದ ಆ ಬೋಟುಗಳನ್ನು ನೆನೆದರೆ ಇಂದಿಗೂ ಸಮಾಧಾನ. ಆದರೆ ಮೊದಲ ದಿನ ಸತ್ಯ ಹೇಳಿದ ಮಗುವಿಗೆ ‘ಶ್’ ಅಂದೆನಲ್ಲ, ಅದು ಮಾತ್ರ ಇನ್ನೂ ಚುಚ್ಚುತ್ತದೆ.