ಅತ್ತಿಯ ಕುತ್ತಿಗೆಯ ಕಪ್ಪು

ಊರವರನ್ನೆಲ್ಲ ಮೇಲಿಂದ ಕೆಳಗೆ ಅಳೆದು ನೋಡುವವರೇ, ನಿಮ್ಮದೇ ಕುತ್ತಿಗೆಯ ಹಿಂಭಾಗವನ್ನು ಎಂದಾದರೂ ನೋಡಿಕೊಂಡಿದ್ದೀರಾ? ಇಲ್ಲ ತಾನೇ. ಅದು ಹಿಂದೆ ನಿಂತವರ ಪಾಲಿನದು.

ಮೊನ್ನೆ ಬಚ್ಚಲಿಂದ ಒದ್ದೆ ಇಟ್ಟಿಗೆಯ ವಾಸನೆ ಬಂತು. ನನಗೆ ಈ ಫೋನಿನಲ್ಲಿ ಅಕ್ಷರ ಒತ್ತಲು ಕಲಿಸಿದ ಮೊಮ್ಮಗಳು, ನಾನು ಹಿಮ್ಮಡಿಗೆಂದು ಇಟ್ಟ ಇಟ್ಟಿಗೆ ಚೂರಿನಿಂದ ಕುತ್ತಿಗೆ ತಿಕ್ಕಿಕೊಳ್ಳುತ್ತಿದ್ದಳು. ಅಲ್ಲಿ ಚರ್ಮ ಕಪ್ಪಾಗಿ, ದಪ್ಪಗಾಗಿ, ಮಖಮಲ್ಲಿನ ಹಾಗೆ ಮಡಿಕೆ ಬಿದ್ದಿತ್ತು. ಆ ಕುತ್ತಿಗೆಯನ್ನು ನಾನು ಮೊದಲೂ ನೋಡಿದ್ದೆ…

ನಮ್ಮಪ್ಪನ ಸೋದರತ್ತೆಯದು. ನಾವೂ ಅತ್ತಿ ಎಂದೇ ಕರೆಯುತ್ತಿದ್ದೆವು. ನೇಸರಗಿಯ ನಮ್ಮ ಮನೆಯಲ್ಲೇ ಇದ್ದಳು, ಮದುವೆಯಾಗಿರಲಿಲ್ಲ. ಯಾಕೆಂದು ನನ್ನಜ್ಜಿ ಹೇಳುತ್ತಿದ್ದಳು.

ಇಂಗ್ಲಿಷರ ಕಾಲ. ಹೆಣ್ಣು ನೋಡಲು ಚಚಡಿಯಿಂದ ಎತ್ತಿನ ಚಕ್ಕಡಿ ಕಟ್ಟಿಕೊಂಡು ಬರುವವರಿದ್ದರು. ಅತ್ತಿಯ ಕುತ್ತಿಗೆಯ ಕಪ್ಪನ್ನು ಮನೆಯವರೆಲ್ಲ ಕೊಳೆಯೆಂದೇ ತಿಳಿದಿದ್ದರು. ಇಟ್ಟಿಗೆಯಿಂದ ತಿಕ್ಕಿದರು, ನಿಂಬೆ ಹಿಂಡಿದರು. ರಕ್ತ ಬಂತು, ಕಪ್ಪು ಹೋಗಲಿಲ್ಲ. ಇನ್ನಷ್ಟು ದಪ್ಪವೇ ಆಯಿತು. ಅಂದು ಹೂ ಮುಡಿಸಲೆಂದು ಗಂಡಿನ ತಾಯಿ ಅತ್ತಿಯ ಜಡೆ ಎತ್ತಿದಳು. ಎತ್ತಿದವಳು ಹಾಗೇ ನಿಂತಳು.

"ಜಳಕದ ರೂಢಿ ಇಲ್ಲೇನ್ರಿ ನಿಮ್ಮ ಹುಡುಗಿಗಿ?"

ನಿಶ್ಚಯದ ಸಕ್ಕರೆ ಹಂಚದೆಯೇ ಚಕ್ಕಡಿ ತಿರುಗಿತು. ಆಮೇಲೆ ಯಾರೂ ಬರಲಿಲ್ಲ.

ನಾನು ಕಂಡಾಗ ಅತ್ತಿ ಮುದುಕಿಯಾಗಿದ್ದಳು. ಬೇಸಿಗೆಯಲ್ಲೂ ಸೆರಗನ್ನು ಕುತ್ತಿಗೆಗೆ ಸುತ್ತಿಕೊಂಡೇ ಇರುತ್ತಿದ್ದಳು. ಸ್ನಾನಕ್ಕೆ ಕೂತಾಗ ಮಾತ್ರ ನನ್ನ ಕೈಗೆ ಇಟ್ಟಿಗೆ ಕೊಟ್ಟು, "ತಿಕ್ಕವಾ… ಇವತ್ತ ಹೋಗಬೌದು" ಎನ್ನುತ್ತಿದ್ದಳು.

ಆಮೇಲೆ ಆಕೆಗೆ ಮುಗಿಯದ ನೀರಡಿಕೆ ಶುರುವಾಯಿತು. ನಮ್ಮ ಕಡೆ ಬರೀ ನೀರು ಕೊಟ್ಟರೆ ಅಪಮಾನ, ಜೊತೆಗೆ ಬೆಲ್ಲ ಬೇಕೇ ಬೇಕು. ಆಕೆ ನೀರು ಕೇಳಿದಾಗೆಲ್ಲ ಅವ್ವ ಬೆಲ್ಲದ ಚೂರು ಕೈಗಿಡುತ್ತಿದ್ದಳು, ಪ್ರೀತಿಯಿಂದಲೇ. ಅತ್ತಿ ಸೊರಗತೊಡಗಿದಳು. ಅವ್ವ ಚೂರು ದೊಡ್ಡದು ಮಾಡಿದಳು. ಅತ್ತಿ ಉಚ್ಚೆಗೆ ಕೂತು ಎದ್ದ ಬಚ್ಚಲಿಗೆ ಇರುವೆ ಸಾಲುಗಟ್ಟಿ ಬರುತ್ತಿದ್ದವು.

"ಇರಬಿ ಸಾಲ ಹಚ್ಚ್ಯಾವ, ಬಚ್ಚಲದಾಗೂ ಬೆಲ್ಲ ಮುಚ್ಚಿಟ್ಟೀಯೇನ ಅತ್ತಿ?" ಎಂದು ನಾನು ಕಾಡುತ್ತಿದ್ದೆ.

"ಹೂಂ, ನಿನ್ನ ಮದವಿಗಿ" ಎನ್ನುತ್ತಿದ್ದಳು.

ಕಾಲಲ್ಲಿ ಮುಳ್ಳು ಚುಚ್ಚಿದ ಸಣ್ಣ ಗಾಯ ಮಾಯಲಿಲ್ಲ. ಕೊಳೆಯಿತು. ಸುಗ್ಗಿಗೆ ಮೊದಲೇ ಅತ್ತಿ ಹೋದಳು… ಕೊನೆಯ ಸ್ನಾನ ಮಾಡಿಸುವಾಗಲೂ ಹೆಂಗಸರು ಕುತ್ತಿಗೆಯನ್ನೇ ಮತ್ತೆ ಮತ್ತೆ ತಿಕ್ಕಿದರು.

ಅದಕ್ಕೇ ಮೊನ್ನೆ ಮೊಮ್ಮಗಳ ಕೈಯಿಂದ ಇಟ್ಟಿಗೆ ಕಸಿದುಕೊಂಡೆ. ಇಬ್ಬರೂ ಬೈಲಹೊಂಗಲಕ್ಕೆ ಹೋದೆವು. ಡಾಕ್ಟರಮ್ಮ ಕುತ್ತಿಗೆ ನೋಡಿ, "ಇದು ಹೊಲಸಲ್ರಿ, ತಿಕ್ಕಬ್ಯಾಡ್ರಿ. ರಕ್ತದಾಗಿನ ಸಕ್ಕರಿ ನೋಡೂಣು. ಒಳಗಿಂದು ಹದಕ್ಕ ಬಂದ್ರ, ತೂಕ ಇಳಿದ್ರ, ಇದೂ ಸಾವಕಾಶ ತಿಳಿ ಆಗತೈತಿ" ಎಂದಳು. ರಕ್ತ ಪರೀಕ್ಷೆ ಮಾಡಿಸಿದರೆ, ಹುಡುಗಿ ಸಕ್ಕರೆ ಕಾಯಿಲೆಯ ಅಂಚಿಗೆ ಬಂದು ನಿಂತಿದ್ದಳು. ಇನ್ನೂ ದಾಟಿರಲಿಲ್ಲ.

ಈಗ ಹುಡುಗಿ ದಿನಾ ನಡೆಯುತ್ತಾಳೆ. ಬಂದು ನೀರು ಕೇಳಿದರೆ ಬರೀ ನೀರು ಕೊಡುತ್ತೇನೆ. ನನ್ನ ಇನ್ನೊಂದು ಕೈ ಮಾತ್ರ ಸುಮ್ಮನೆ ಬೆಲ್ಲದ ಡಬ್ಬಿಯ ಕಡೆ ಹೋಗಿ ತಿರುಗಿ ಬರುತ್ತದೆ. ನಿನ್ನೆ ಆಕೆಗೆ ಅತ್ತಿಯ ಕತೆಯನ್ನೆಲ್ಲ ಹೇಳಿದೆ.

"ಆಗ ಇದೆಲ್ಲಾ ಯಾರಿಗಿ ಗೊತ್ತಿತ್ತವಾ?" ಎಂದೆ.

ಆಕೆ ಖಾಲಿ ಲೋಟ ನನ್ನ ಕೈಗಿಟ್ಟಳು.

"ಇರಬಿಗಿ ಗೊತ್ತಿತ್ತಲ್ಲ ಅಜ್ಜಿ."