ಮಾವನವರ ಅಕೇಡಿಯನ್ ಕ್ಷೇತ್ರ

ಪಿಎಚ್.ಡಿ.ಗೆ ನಾನು ಆರಿಸಿಕೊಂಡದ್ದು ಕೆನಡಾದ ಪೂರ್ವ ಕರಾವಳಿಯ ಒಂದು ಚುನಾವಣಾ ಕ್ಷೇತ್ರ. ಅಲ್ಲಿನ ಮತದಾರರಲ್ಲಿ ಹೆಚ್ಚಿನವರು ಅಕೇಡಿಯನ್ನರು, ಅಂದರೆ ನೂರಾರು ವರ್ಷಗಳ ಹಿಂದೆ ಆ ಕಡೆ ಬಂದು ನೆಲೆಸಿದ ಫ್ರೆಂಚರ ವಂಶದವರು, ಇಂದಿಗೂ ಫ್ರೆಂಚ್ ಮಾತಾಡುವವರು. ವಸಂತ್ ಕುಂಜ್‌ನ ನಮ್ಮ ಮನೆಯಲ್ಲಿ ಇದನ್ನು ಯಾರೂ ವಿಚಾರಿಸಿರಲಿಲ್ಲ. ಕೇಳಿದವರಿಗೆಲ್ಲ ಅತ್ತೆ, "ಸೊಸೆ ಅಕಾಡೆಮಿ ಮೇಲೆ ಏನೋ ಬರೀತಿದಾಳೆ" ಎಂದು ಹೇಳಿ ಮುಗಿಸುತ್ತಿದ್ದರು.

ಸೆಮಿನಾರಿಗೆ ಒಂದು ವಾರವಿರುವಾಗ ಊಟದ ಮೇಜಿನ ಮೇಲೆ ಕ್ಷೇತ್ರದ ನಕ್ಷೆ ಹರಡಿಕೊಂಡು ಕೂತಿದ್ದೆ. ಕೇಂದ್ರ ಸರ್ಕಾರದ ಕಚೇರಿಯಲ್ಲಿ ಗುಮಾಸ್ತರಾಗಿದ್ದು ನಿವೃತ್ತರಾದ ಮಾವ ಕನ್ನಡಕ ಏರಿಸಿಕೊಂಡು ಬಂದರು. ಸರ್ವಿಸಿನುದ್ದಕ್ಕೂ ಚುನಾವಣಾ ಡ್ಯೂಟಿ ಮಾಡಿದವರು. ಕ್ಷೇತ್ರ ಎಂಬ ಶಬ್ದ ಕಿವಿಗೆ ಬಿದ್ದರೆ ಬಿಡುವವರಲ್ಲ.

"ಯಾರ್ಯಾರಿದಾರೆ ಇದರಲ್ಲಿ?"

"ಹೆಚ್ಚಿನವರು ಅಕೇಡಿಯನ್ನರು, ಮಾವ. ಬ್ರಿಟಿಷರು ಇವರನ್ನ ಹಡಗಿಗೆ ತುಂಬಿ ದಿಕ್ಕಾಪಾಲು ಮಾಡಿದ್ರು. ಎಷ್ಟೋ ವರ್ಷ ಆದ್ಮೇಲೆ ಬಹಳ ಜನ ವಾಪಸ್ ಬಂದು, ಈ ಕರಾವಳೀಲಿ ಮೀನು ಹಿಡ್ಕೊಂಡು ನೆಲೆ ನಿಂತ್ರು. ಜೊತೆಗೆ ಐರಿಷ್ ಮೂಲದವರು, ಇಂಗ್ಲಿಷಿನವರು. ಇವರೆಲ್ಲರಿಗಿಂತ ಮುಂಚಿನಿಂದ ಇರೋ ಮಿಕ್ಮಾಕ್ ಜನ."

"ಈ ಚುಕ್ಕೆ ಗೆರೆ?"

"ಕ್ಷೇತ್ರ ಮರುವಿಂಗಡಣೆ ಮಾಡುವಾಗ ಇಷ್ಟು ಊರುಗಳನ್ನ ಪಕ್ಕದ ಇಂಗ್ಲಿಷ್ ಕ್ಷೇತ್ರಕ್ಕೆ ಸೇರಿಸಿಬಿಟ್ರು."

ಮಾವನವರಿಗೆ ಸಿಟ್ಟು ಬಂತು. "ಜನ ಸುಮ್ನಿದ್ರಾ?"

"ಕೋರ್ಟಿಗೆ ಹೋದ್ರು."

ಅಷ್ಟರಲ್ಲಿ ಕುಕ್ಕರ್ ಕೂಗಿತು. ನಾನು ಎದ್ದು ಅಡುಗೆಮನೆಗೆ ಹೋದರೆ ಅವರೂ ಹಿಂದೆಯೇ ಬಂದರು. "ಆಮೇಲೆ?"

"ಗೆದ್ರು. ಹೆಚ್ಚಿನ ಊರುಗಳು ವಾಪಸ್ ಬಂದ್ವು."

ಅಂದು ಅವರು ಎರಡು ಚಪಾತಿ ಹೆಚ್ಚಿಗೆ ತಿಂದರು. ಮರುದಿನ ತರಕಾರಿ ಭಯ್ಯಾನಿಗೆ ಇಡೀ ಕಥೆಯನ್ನು ಹಿಂದಿಯಲ್ಲಿ ಹೇಳಿದರು. ಅವನು ಬೆಂಡೆಕಾಯಿ ತೂಗುತ್ತ, "ಅಚ್ಛಾ, ಈ ಸಲ ಅಲ್ಲಿ ಯಾರ ಹವಾ?" ಎಂದು ಕೇಳಿದನಂತೆ. ಉತ್ತರಕ್ಕಾಗಿ ಮಾವ ಅಲ್ಲೇ ನಿಂತು ನನಗೆ ಫೋನ್ ಮಾಡಿದರು. ನಾನು ಲೈಬ್ರರಿಯಲ್ಲಿದ್ದೆ.

ಸೆಮಿನಾರಿಗೂ ಬಂದರು. ಮದುವೆ ಮನೆಗಳಿಗೆ ಹಾಕುವ ಕೋಟು ಹಾಕಿಕೊಂಡು ಹಿಂದಿನ ಸಾಲಿನಲ್ಲಿ ಕೂತರು. ನಾನು ಮಾತು ಮುಗಿಸಿದ ಮೇಲೆ ಪ್ರೊಫೆಸರ್, ಹೇಗಿದ್ದರೂ ಒಬ್ಬ ಸಂಸದ ಇದ್ದೇ ಇರುತ್ತಾನಲ್ಲ, ಗೆರೆ ಸ್ವಲ್ಪ ಸರಿದರೆ ಜನಕ್ಕೇನು ನಷ್ಟ ಎಂದು ಕೇಳಿದರು. ಓದಿಕೊಂಡಿದ್ದ ಸಿದ್ಧಾಂತವೆಲ್ಲ ಮರೆತುಹೋಯಿತು. ನೀರು ಕುಡಿದೆ. ಇನ್ನೊಮ್ಮೆ ಕುಡಿದೆ. ಬಾಟಲಿ ಖಾಲಿಯಾಗುವ ಹೊತ್ತಿಗೆ ಮಾವ ಎದ್ದು ನಿಂತಿದ್ದರು.

"ಸರ್," ಎಂದು ತಮ್ಮ ಕಚೇರಿ ಇಂಗ್ಲಿಷಿನಲ್ಲಿ ಶುರು ಮಾಡಿದರು. "ಒಂದು ಸಲ ಬೂತನ್ನ ಶಾಲೆಯ ಈ ಕೋಣೆಯಿಂದ ಆ ಕೋಣೆಗೆ ಬದಲಾಯಿಸಿದ್ದಕ್ಕೇ ಜನ ನನ್ನ ಜೊತೆ ಮಧ್ಯಾಹ್ನದವರೆಗೆ ಜಗಳ ಆಡಿದ್ರು. ಈ ಅಕೇಡಿಯನ್ನರ ಹಿರಿಯರನ್ನ ಊರಿಂದಲೇ ಓಡಿಸಿದ್ರು. ಈಗ ಪಟ್ಟಿಯಿಂದಲೂ ಎತ್ತಿ ಬೇರೆ ಕಡೆ ಇಟ್ರೆ ಸುಮ್ನಿರ್ತಾರಾ? ತಮ್ಮ ಎಂಪಿ ಹತ್ರ ತಮ್ಮ ಭಾಷೇಲಿ ಜಗಳ ಆಡಬೇಕು ಅಂತ ಅವರಿಗೂ ಆಸೆ ಇರುತ್ತೆ."

ಎಲ್ಲರೂ ನಕ್ಕರು. ನನಗೆ ಮೇಜಿನ ಕೆಳಗೆ ಹೋಗಿ ಕೂರೋಣ ಅನಿಸಿತು. ಪ್ರೊಫೆಸರ್ ಮಾತ್ರ ನಗದೆ ಬರೆದುಕೊಂಡು, ಇದನ್ನು ಅಧ್ಯಾಯದಲ್ಲಿ ಸೇರಿಸಲು ಹೇಳಿದರು.

ಅಡಿಟಿಪ್ಪಣಿಯಾಗಿ ಸೇರಿಸಿದೆ, ನಿವೃತ್ತ ಮತಗಟ್ಟೆ ಅಧಿಕಾರಿಯೊಬ್ಬರ ಅಭಿಪ್ರಾಯ ಎಂದು. ಪ್ರಿಂಟ್ ತಂದು ಕೊಟ್ಟಾಗ ಮಾವ ಕಿಟಕಿಯ ಹತ್ತಿರ ಹೋಗಿ ಎರಡು ಸಲ ಓದಿದರು.

"ಎಲ್ಲ ಸರಿಯಾಗಿದೆ," ಎಂದರು. "ಅಕ್ಷರ ಯಾಕಮ್ಮ ಇಷ್ಟು ಸಣ್ಣ?"